ಅರಸನ ಪೆಟ್ಟಿಗೆ, ಕೂಲಿಯವನ ಬಕೆಟ್ಟು: ಕುಳ್ಳ ಅಂಜೂರದ ಕಥೆ

ಚಳಿ ಕಾಲಿಡುವ ಹೊತ್ತಿಗೆ ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದ ಹಳೆಯ ಇಟಾಲಿಯನ್ ಕೇರಿಗಳ ಹಿತ್ತಲುಗಳಲ್ಲಿ ವಿಚಿತ್ರವಾದ ಆಕೃತಿಗಳು ತಲೆಯೆತ್ತುತ್ತಿದ್ದವು. ಆಳೆತ್ತರದ ಒಂದು ಕಂಬ. ಅದಕ್ಕೆ ಮೈತುಂಬ ಹಳೆಯ ಕಂಬಳಿ, ಕಂಬಳಿಯ ಮೇಲೆ ಹರಿದ ಜಮಖಾನದ ತುಂಡುಗಳು, ಅದರ ಮೇಲೊಂದು ಸುತ್ತು ಡಾಂಬರು ಕಾಗದ, ಎಲ್ಲವನ್ನೂ ಬಿಗಿದ ಹಗ್ಗ. ತುದಿಯಲ್ಲಿ ಟೋಪಿಯಂತೆ ಬೋರಲು ಹಾಕಿದ ಬಕೆಟ್ಟು. ಕತ್ತಲಲ್ಲಿ ನೋಡಿದವರು ಯಾರೋ ಮುಸುಕು ಹೊದ್ದು ನಿಂತಿದ್ದಾರೆಂದು ಬೆಚ್ಚಬೇಕು. ಒಳಗಿರುವುದು ಮನುಷ್ಯನಲ್ಲ, ಅಂಜೂರದ ಗಿಡ. ಮಳೆ ನೀರು, ಮಂಜಿನ ನೀರು ಒಳಗಿಳಿದು ಕೊಂಬೆ ಕೊಳೆಯದಿರಲೆಂದು ಆ ಬಕೆಟ್ಟು.

ಈ ಗಿಡ ಆ ನೆಲದ್ದಲ್ಲ. ಬಿಸಿಲನ್ನೇ ಉಂಡು ಬೆಳೆಯುವ ಮೆಡಿಟರೇನಿಯನ್ ತೀರದ ಗಿಡವನ್ನು, ನೀರು ಕಲ್ಲಾಗುವ ಊರಿನಲ್ಲಿ ಚಳಿಗಾಲಕ್ಕೊಮ್ಮೆ ಬಾಣಂತಿಗೆ ಹೊದಿಸಿದಂತೆ ಹೊದಿಸಿ, ವಸಂತದಲ್ಲಿ ಮತ್ತೆ ಬಿಚ್ಚಿ ಸಾಕುವ ಈ ಹಟ ಯಾಕೆ? ಹತ್ತು ಡಾಲರು ಕೊಟ್ಟರೆ ಅಂಗಡಿಯಲ್ಲಿ ಹಣ್ಣು ಸಿಗದೇ? ಉತ್ತರ ಸ್ವಲ್ಪ ಉದ್ದದ್ದು. ಅದರಲ್ಲಿ ಫ್ರಾನ್ಸಿನ ದೊರೆಯೊಬ್ಬನಿದ್ದಾನೆ, ವಕೀಲಿಕೆ ಬಿಟ್ಟು ಗುದ್ದಲಿ ಹಿಡಿದವನೊಬ್ಬನಿದ್ದಾನೆ, ಸಾಸಿವೆಗಿಂತ ತುಸು ದೊಡ್ಡದಾದ ಒಂದು ಕಣಜವಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಬೇರಿಗೆ ಜಾಗ ಕಡಿಮೆಯಾದಷ್ಟೂ ಹೆಚ್ಚು ಹಣ್ಣು ಬಿಡುವ ಒಂದು ಮರದ ವಿಚಿತ್ರ ಸ್ವಭಾವವಿದೆ.

ನಮಗೆ ಅಂಜೂರವೆಂದರೆ ಹಗ್ಗಕ್ಕೆ ಪೋಣಿಸಿ ಕಿರಾಣಿ ಅಂಗಡಿಯಲ್ಲಿ ತೂಗುಹಾಕಿದ ಒಣಹಣ್ಣು. ಪಾರಸಿಯ ‘ಅಂಜೀರ್’ ನಮ್ಮಲ್ಲಿ ಅಂಜೂರವಾಯಿತು. ಹೆಸರು ಪರದೇಶದ್ದಾದರೂ ಕುಲ ನಮಗೆ ಹೊಸದಲ್ಲ. ಆಲ, ಅರಳಿ, ಅತ್ತಿ, ಗೋಣಿ ಎಲ್ಲವೂ ಸಸ್ಯಶಾಸ್ತ್ರಜ್ಞರು ‘ಫೈಕಸ್’ ಎಂದು ಕರೆಯುವ ಇದೇ ಕುಲಕ್ಕೆ ಸೇರಿದವು. ದೇವಸ್ಥಾನದ ಗೋಪುರ ಸೀಳುವ ಅರಳಿ, ಎಕರೆಗಟ್ಟಲೆ ಬಿಳಲು ಬಿಡುವ ಆಲ ಇವುಗಳ ದಾಯಾದಿಯನ್ನು ಕುಂಡದಲ್ಲಿ ಬೆಳೆಸಬಹುದೆಂದರೆ ನಂಬುವುದು ಕಷ್ಟ. ಬಿಟ್ಟರೆ ಅಂಜೂರವೂ 20-30 ಅಡಿ ಏರಬಲ್ಲದು. ಬಿಡದಿದ್ದರೆ ಸೊಂಟದೆತ್ತರದಲ್ಲೇ ಹಣ್ಣು ಕೊಟ್ಟುಕೊಂಡು ಹತ್ತಾರು ವರ್ಷ ಇರಬಲ್ಲದು.

ಹೂವೇ ಕಾಣದ ಹಣ್ಣು

ಕುಂಡದ ಕಥೆಗೆ ಮೊದಲು ಹಣ್ಣಿನ ಗುಟ್ಟನ್ನು ತಿಳಿಯಬೇಕು. ಅಂಜೂರದಲ್ಲಿ ಹೂ ಹೊರಗೆ ಕಾಣುವುದಿಲ್ಲ. ನಾವು ಹಣ್ಣು ಎನ್ನುವುದು ನಿಜವಾಗಿ ಒಂದು ಚೀಲ. ಅದರ ಒಳಗೋಡೆಗೆ ನೂರಾರು ಪುಟ್ಟ ಹೂಗಳು ಅಂಟಿಕೊಂಡಿರುತ್ತವೆ. ಚೀಲದ ತುದಿಯಲ್ಲಿ ಸೂಜಿ ಹೋಗುವಷ್ಟು ಕಂಡಿ. ಆ ಕಂಡಿಯಲ್ಲಿ ನುಸುಳುವ ಪುಟಾಣಿ ಕಣಜವೇ ಪರಾಗ ಹೊತ್ತು ತರಬೇಕು. ಅತ್ತಿಹಣ್ಣನ್ನು ಬಿಡಿಸಿದರೆ ಒಳಗೆ ಹುಳು ಎಂಬುದು ಹಳ್ಳಿಯ ಮಕ್ಕಳಿಗೂ ಗೊತ್ತು. ಆ ಹುಳುಗಳ ಪೈಕಿ ಅತ್ತಿಯ ಕಣಜವೂ ಒಂದು. ಅಂಜೂರಕ್ಕೂ ಅದರದ್ದೇ ಆದ ಬೇರೊಂದು ಕಣಜವಿದೆ. ಅದು ಹುಟ್ಟಿ ಬೆಳೆಯುವುದು ಮನುಷ್ಯರು ಸಾಮಾನ್ಯವಾಗಿ ತಿನ್ನದ ಕಾಡು ಗಂಡು ಅಂಜೂರದಲ್ಲಿ.

ಆದರೆ ಅಂಜೂರಗಳಲ್ಲಿ ಒಂದು ಪಂಗಡ ಕಣಜದ ಹಂಗನ್ನೇ ಕಳಚಿಕೊಂಡಿದೆ. ಪರಾಗ ಸಿಗಲಿ, ಬಿಡಲಿ, ಕಾಯಿ ಊದಿಕೊಂಡು ಸಿಹಿಯಾಗುತ್ತದೆ. ಒಳಗಿನ ಬೀಜ ಮಾತ್ರ ಜೊಳ್ಳು. ಅಂದರೆ ಈ ಮರ ತಾನಾಗಿ ಸಂತಾನ ಬೆಳೆಸಲಾರದು. ಯಾರಾದರೂ ಕಡ್ಡಿ ಮುರಿದು ನೆಡಬೇಕು. ನೆಟ್ಟರೆ ಮಾತ್ರ ಅಂಜೂರದಷ್ಟು ಸುಲಭವಾಗಿ ಬೇರು ಬಿಡುವ ಹಣ್ಣಿನ ಗಿಡ ಇನ್ನೊಂದು ಸಿಗುವುದು ಕಷ್ಟ. ಬೆರಳು ಗಾತ್ರದ ಗೇಣುದ್ದ ಕಡ್ಡಿಯನ್ನು ತೇವದ ಮಣ್ಣಿಗೆ ಚುಚ್ಚಿದರೆ ಕೆಲವು ವಾರಗಳಲ್ಲಿ ಚಿಗುರುತ್ತದೆ. ಮರಕ್ಕೆ ಮನುಷ್ಯ ಬೇಕು, ಮನುಷ್ಯನಿಗೆ ಹಣ್ಣು ಬೇಕು. ಈ ಒಪ್ಪಂದ ಎಷ್ಟು ಹಳೆಯದು?

ಜೋರ್ಡಾನ್ ಕಣಿವೆಯಲ್ಲಿ ಜೆರಿಕೊ ಪಟ್ಟಣಕ್ಕೆ ಹತ್ತಿರದ ಗಿಲ್ಗಾಲ್ ಎಂಬ ಶಿಲಾಯುಗದ ನೆಲೆಯಲ್ಲಿ ಸುಟ್ಟು ಕರಿಕಾದ ಒಂಬತ್ತು ಅಂಜೂರಗಳು ಸಿಕ್ಕಿವೆ. ಅವುಗಳ ವಯಸ್ಸು 11 ಸಾವಿರ ವರ್ಷಕ್ಕೂ ಹೆಚ್ಚು. ಮೊರ್ದೆಖಾಯ್ ಕಿಸ್ಲೆವ್, ಅನಾತ್ ಹಾರ್ಟ್‌ಮನ್ ಮತ್ತು ಓಫರ್ ಬಾರ್-ಯೋಸೆಫ್ 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇವನ್ನು ಪರೀಕ್ಷಿಸಿ ಬರೆದರು: ಇವು ಪರಾಗವಿಲ್ಲದೆ ಹಣ್ಣಾದ ಬಗೆಯವು, ಆದ್ದರಿಂದ ಯಾರೋ ಕಡ್ಡಿ ನೆಟ್ಟೇ ಬೆಳೆಸಿರಬೇಕು, ಗೋಧಿ, ಬಾರ್ಲಿಗಿಂತ ಮೊದಲು ಮನುಷ್ಯ ಪಳಗಿಸಿದ ಬೆಳೆ ಇದೇ ಇರಬಹುದು. ಇದನ್ನು ಎಲ್ಲರೂ ಒಪ್ಪಲಿಲ್ಲ. ಕಾಡಿನ ಹೆಣ್ಣು ಮರಗಳಲ್ಲೂ ಇಂಥ ಹಣ್ಣು ಸಿಗುತ್ತದೆ, ಕಂಡದ್ದನ್ನು ಕಿತ್ತು ತಂದಿರಬಹುದಲ್ಲ ಎಂಬ ಆಕ್ಷೇಪ ಅದೇ ವರ್ಷ ಬಂತು. ವಿವಾದ ಏನೇ ಇರಲಿ, ಊರು ಕಟ್ಟುವುದನ್ನು ಕಲಿಯುತ್ತಿದ್ದ ಕಾಲದಿಂದಲೂ ಈ ಹಣ್ಣು ಮನುಷ್ಯನ ಬಳಿಯಿದೆ ಎಂಬುದಕ್ಕೆ ಅಡ್ಡಿಯಿಲ್ಲ.

ಅಂಜೂರವನ್ನೂ ಮಡಕೆಯನ್ನೂ ಮೊದಲು ಜೊತೆಗೂಡಿಸಿದವರು ಯಾರೋ. ಬರವಣಿಗೆಯಲ್ಲಿ ಸಿಗುವ ಹಳೆಯ ಸಾಕ್ಷಿಗಳಲ್ಲಿ ಒಂದು ರೋಮಿನ ಮುತ್ಸದ್ದಿ ಕೇಟೊನದು. ಕ್ರಿ.ಪೂ. 160ರ ಸುಮಾರಿಗೆ ಅವನು ಬರೆದ ಬೇಸಾಯದ ಪುಸ್ತಕದಲ್ಲಿ ಒಂದು ಉಪಾಯವಿದೆ. ತಳದಲ್ಲಿ ತೂತಿರುವ ಮಡಕೆಯೊಂದನ್ನು ತೆಗೆದುಕೊಂಡು, ಬೇರು ಬಿಡಿಸಬೇಕಾದ ಕೊಂಬೆಯನ್ನು ಆ ತೂತಿನ ಮೂಲಕ ತೂರಿಸಿ, ಮಡಕೆಗೆ ಮಣ್ಣು ತುಂಬಿ ಒತ್ತಿ, ಮರದ ಮೇಲೆಯೇ ಬಿಡಬೇಕು. ಬೇರಿಳಿದ ಮೇಲೆ ಮಡಕೆಯ ಕೆಳಗೆ ಕತ್ತರಿಸಿ, ಮಡಕೆಯ ಸಮೇತ ನೆಡಬೇಕು. ನಮ್ಮ ತೋಟಗಾರರು ಗೂಟಿ ಕಟ್ಟುವುದು ಎನ್ನುವ ಕೆಲಸ ಇದೇ. ಅಂಜೂರ, ಆಲಿವ್, ದಾಳಿಂಬೆ ಮುಂತಾದವುಗಳಿಗೆಂದು ಕೇಟೊ ಇದನ್ನು ಹೇಳುತ್ತಾನೆ. ಅಂಜೂರಕ್ಕೂ ಕೇಟೊನಿಗೂ ಇನ್ನೊಂದು ನಂಟಿದೆ. ಶತ್ರು ನಗರವಾದ ಕಾರ್ಥೇಜ್ ಎಷ್ಟು ಹತ್ತಿರವಿದೆ ನೋಡಿ ಎಂದು ತೋರಿಸಲು, ಮೂರು ದಿನದ ಹಿಂದೆ ಅಲ್ಲಿ ಕಿತ್ತದ್ದೆನ್ನುತ್ತ ತಾಜಾ ಅಂಜೂರವನ್ನು ಸೆನೆಟ್ ಸಭೆಯಲ್ಲಿ ಪ್ರದರ್ಶಿಸಿದವನು ಅವನೇ ಎಂದು ಪ್ಲಿನಿ ಬರೆದಿದ್ದಾನೆ. ಕ್ರಿ.ಪೂ. 146ರಲ್ಲಿ ಕಾರ್ಥೇಜ್ ನೆಲಸಮವಾಯಿತು. ಪಾಪ, ಹಣ್ಣಿನ ತಪ್ಪೇನೂ ಇರಲಿಲ್ಲ.

ಆದರೆ ಕೇಟೊನ ಮಡಕೆ ತಾತ್ಕಾಲಿಕ. ಗಿಡ ನೆಲಕ್ಕಿಳಿದ ಮೇಲೆ ಅದರ ಕೆಲಸ ಮುಗಿಯಿತು. ರೋಮಿನ ಬಿಸಿಲಿನಲ್ಲಿ ಅಂಜೂರವನ್ನು ಕುಂಡದಲ್ಲೇ ಇಟ್ಟುಕೊಳ್ಳುವ ಅಗತ್ಯ ಯಾರಿಗಿತ್ತು? ಆ ಅಗತ್ಯ ಹುಟ್ಟಿದ್ದು ಚಳಿಯ ನಾಡಿನಲ್ಲಿ, ಅದೂ ಒಬ್ಬ ದೊರೆಯ ನಾಲಿಗೆಯ ಚಪಲದಿಂದ.

ಎಳುನೂರು ಪೆಟ್ಟಿಗೆಗಳು

ಫ್ರಾನ್ಸಿನ ಹದಿನಾಲ್ಕನೇ ಲೂಯಿಗೆ ಅಂಜೂರವೆಂದರೆ ಪ್ರಾಣ. ಅವನ ಅರಮನೆಯಿದ್ದ ವರ್ಸೇಲ್ಸ್ ಮಾತ್ರ ಪ್ಯಾರಿಸ್ಸಿನ ಪಕ್ಕದ ಶೀತ ಪ್ರದೇಶ. ಅಲ್ಲಿ ದೊರೆಯ ತರಕಾರಿ, ಹಣ್ಣುಗಳಿಗಾಗಿ 1678ರಿಂದ 1683ರವರೆಗೆ ಸುಮಾರು ಒಂಬತ್ತು ಹೆಕ್ಟೇರಿನ ತೋಟವೊಂದನ್ನು ಕಟ್ಟಲಾಯಿತು. ‘ಪೊತಾಜೆ ದು ರ್ವಾ’ ಎಂದರೆ ಅರಸನ ಕಾಯಿಪಲ್ಲೆ ತೋಟ. ಅದನ್ನು ಕಟ್ಟಿದವನು ಜಾನ್ ಬಾಪ್ತಿಸ್ತ್ ದ ಲಾ ಕ್ಯಾಂತಿನಿ. ಓದಿದ್ದು ಕಾನೂನು. ವಕೀಲನಾಗಿದ್ದವನು ತೋಟಗಾರಿಕೆಯ ಹುಚ್ಚು ಹಿಡಿದು ಕೋರ್ಟು ಬಿಟ್ಟ.

ಅವನಿಗೆ ಸಿಕ್ಕ ಜಾಗವನ್ನು ಜನ ‘ನಾರುವ ಕೊಳ’ ಎಂದು ಕರೆಯುತ್ತಿದ್ದರು. ಜೌಗು ನೆಲ. ಅದನ್ನು ತುಂಬಿಸಲು ಪಕ್ಕದಲ್ಲೇ ದೊಡ್ಡ ಸರೋವರ ತೋಡುತ್ತಿದ್ದ ಸ್ವಿಸ್ ಸೈನಿಕರು ಅಗೆದು ಹಾಕಿದ ಮಣ್ಣು ಬಳಕೆಯಾಯಿತು. ಸತೋರಿ ಗುಡ್ಡದಿಂದ ಒಳ್ಳೆಯ ಮಣ್ಣು ಬಂಡಿಗಳಲ್ಲಿ ಬಂತು. ಬಿಸಿಲು ಹಿಡಿದಿಡಲು ಎತ್ತರದ ಗೋಡೆಗಳು ಎದ್ದವು. ಬಿಸಿ ಗೊಬ್ಬರ, ಗಾಜಿನ ಗಂಟೆಗಳ ನೆರವಿನಿಂದ ಲಾ ಕ್ಯಾಂತಿನಿ ಡಿಸೆಂಬರಿನಲ್ಲಿ ಆಸ್ಪರಾಗಸ್, ಏಪ್ರಿಲ್ ಹೊತ್ತಿಗೆ ಸ್ಟ್ರಾಬೆರಿ, ಬಟಾಣಿ, ಜೂನಿನಲ್ಲಿ ಅಂಜೂರ ಎಂದು ದೊರೆಯ ಊಟದ ಮೇಜಿಗೆ ಕಾಲ ತಪ್ಪಿದ ಬೆಳೆಗಳನ್ನು ಒಪ್ಪಿಸತೊಡಗಿದ.

ಅಂಜೂರಕ್ಕೆ ಅವನು ಮಾಡಿದ್ದೇ ಬೇರೆ ವ್ಯವಸ್ಥೆ. ಗೋಡೆಗಾನಿಸಿ ನೆಟ್ಟ ಗಿಡಗಳಿಗೆ ಹುಲ್ಲು ಹೊದಿಸಿದರೂ ಕಡು ಚಳಿ ಬಂದ ವರ್ಷ ಕೊಂಬೆಗಳು ಸಾಯುತ್ತಿದ್ದವು. ಬೇರು ಬದುಕಿ ಹೊಸ ಚಿಗುರು ಬರುತ್ತಿತ್ತು, ನಿಜ. ಆದರೆ ಅಂಜೂರ ವರ್ಷಕ್ಕೆ ಎರಡು ಬೆಳೆ ಕೊಡುವ ಗಿಡ: ಕಳೆದ ವರ್ಷದ ಕೊಂಬೆಯಲ್ಲಿ ಬೇಸಿಗೆಯ ಮೊದಲಿಗೆ ಒಂದು, ಈ ವರ್ಷದ ಚಿಗುರಿನಲ್ಲಿ ಬೇಸಿಗೆ ಮುಗಿಯುವಾಗ ಇನ್ನೊಂದು. ಪ್ಯಾರಿಸ್ಸಿನ ಸುತ್ತ ಎರಡನೆಯ ಬೆಳೆ ಹಣ್ಣಾಗುವಷ್ಟರಲ್ಲಿ ಬಿಸಿಲೇ ಮುಗಿದುಹೋಗುತ್ತದೆ. ನಂಬಬಹುದಾದದ್ದು ಮೊದಲ ಬೆಳೆಯೊಂದೇ. ಹಳೆಯ ಕೊಂಬೆ ಸತ್ತರೆ ಆ ವರ್ಷ ದೊರೆಗೆ ಅಂಜೂರವಿಲ್ಲ. ಕೊಂಬೆಯನ್ನು ಉಳಿಸುವುದೇ ಎಲ್ಲ ಕಸರತ್ತಿನ ಗುರಿ.

ದೊರೆಗಾಗಿ ಕಿತ್ತಳೆ ಗಿಡಗಳನ್ನು ಆಗಲೇ ಮರದ ಪೆಟ್ಟಿಗೆಗಳಲ್ಲಿ ಬೆಳೆಸಿ ಚಳಿಗಾಲದಲ್ಲಿ ಮನೆಯೊಳಗೆ ಸಾಗಿಸುವ ಪದ್ಧತಿಯಿತ್ತು. ಆ ಪದ್ಧತಿಯನ್ನೇ ಲಾ ಕ್ಯಾಂತಿನಿ ಅಂಜೂರಕ್ಕೂ ತಂದ. ಅರಸನ ತೋಟದಲ್ಲಿ ಪೆಟ್ಟಿಗೆಯ ಅಂಜೂರಗಳ ಸಂಖ್ಯೆ ಏಳುನೂರು ಮುಟ್ಟಿತ್ತು. ಅವುಗಳಿಗೆಂದೇ ಪ್ರತ್ಯೇಕವಾದ ಅಂಜೂರದ ಅಂಗಳ, ಚಳಿಗಾಲ ಕಳೆಯಲು ಪ್ರತ್ಯೇಕವಾದ ಕಟ್ಟಡ. ಎಲೆ ಉದುರಿದ ಮೇಲೆ ಏಳುನೂರು ಪೆಟ್ಟಿಗೆಗಳು ಒಳಗೆ. ಹಿಮ ಹಿಂಜರಿದ ಮೇಲೆ ಏಳುನೂರೂ ಹೊರಗೆ. ಮಣ್ಣು ತುಂಬಿದ ಒಂದೊಂದು ಪೆಟ್ಟಿಗೆಯೂ ಹಲವರು ಕೂಡಿ ಹೊರುವಷ್ಟು ಭಾರ. ಎಷ್ಟು ಹೆಗಲುಗಳು ಬೇಕಾಗಿದ್ದಾವು, ಊಹಿಸಿಕೊಳ್ಳಬಹುದು. ಹೊತ್ತವರ ಹೆಸರನ್ನು ಇತಿಹಾಸ ಬರೆದಿಟ್ಟಿಲ್ಲ.

ಚಳಿಯಿಂದ ಕಾಪಾಡಲೆಂದು ಪೆಟ್ಟಿಗೆಗೆ ಹಾಕಿದ್ದರಿಂದ ಇನ್ನೊಂದು ಲಾಭವೂ ಬೆಳಕಿಗೆ ಬಂತು. ಪೆಟ್ಟಿಗೆಯ ಮಣ್ಣು ನೆಲದ ಮಣ್ಣಿಗಿಂತ ಬೇಗ ಬಿಸಿಯಾಗುತ್ತದೆ. ಅಂಜೂರದ ಬೇರು ಮೆತ್ತನೆಯದು, ಕವಲು ಹೆಚ್ಚು. ಇಕ್ಕಟ್ಟಾದ ಜಾಗಕ್ಕೆ ಗೊಣಗದೆ ಹೊಂದಿಕೊಳ್ಳುತ್ತದೆ. ಹಾಗೆ ಹೊಂದಿಕೊಂಡ ಗಿಡ ಕುಳ್ಳಗಾಗುತ್ತದೆ, ಗೆಣ್ಣುಗಳ ನಡುವಿನ ಅಂತರ ಕಡಿಮೆಯಾಗುತ್ತದೆ. ಅಂಜೂರದ ಕಾಯಿ ಹುಟ್ಟುವುದು ಎಲೆಯ ಕಂಕುಳಲ್ಲಿ, ಗೆಣ್ಣು ಗೆಣ್ಣಿಗೆ. ಹೀಗಾಗಿ ಗೆಣ್ಣು ಒತ್ತಾದಂತೆ ಕಾಯಿಯೂ ಒತ್ತಾಗುತ್ತದೆ. ನೆಲದಲ್ಲಿ ಬೇಕಾದಷ್ಟು ಮಣ್ಣು, ನೀರು, ಗೊಬ್ಬರ ಸಿಕ್ಕ ಅಂಜೂರ ಎಲೆಯನ್ನೇ ಎಬ್ಬಿಸುತ್ತ ಎತ್ತರಕ್ಕೆ ಹೋಗುತ್ತದೆ. ಕಾಯಿಗೆ ಅದಕ್ಕೆ ಪುರುಸೊತ್ತಿಲ್ಲ. ಬೇರು ಬಿಗಿದರೆ ಬೆಳವಣಿಗೆ ತಗ್ಗಿ, ಗಿಡ ಕಾಯಿ ಕಟ್ಟುವುದಕ್ಕೆ ತೊಡಗುತ್ತದೆ.

ಲಾ ಕ್ಯಾಂತಿನಿ 1688ರಲ್ಲಿ ತೀರಿಕೊಂಡ. ಅವನು ಬರೆದಿಟ್ಟಿದ್ದ ತೋಟಗಾರಿಕೆಯ ದೊಡ್ಡ ಗ್ರಂಥ 1690ರಲ್ಲಿ ಅಚ್ಚಾಯಿತು. ಮೂರೇ ವರ್ಷಗಳಲ್ಲಿ, 1693ರಲ್ಲಿ, ಜಾನ್ ಈವ್‌ಲಿನ್ ಅವರ ಹೆಸರಿನಲ್ಲಿ ಅದರ ಇಂಗ್ಲಿಷ್ ಅನುವಾದ ಬಂತು. ಅರಮನೆಯ ಗುಟ್ಟು ಪುಸ್ತಕ ಓದಬಲ್ಲ ಶ್ರೀಮಂತರ ಕೈಗೆ ದಾಟಿತು. ಆ ತೋಟ ಇಂದಿಗೂ ವರ್ಸೇಲ್ಸ್‌ನಲ್ಲಿದೆ.

ಮಣ್ಣಿನಡಿಯ ನಿದ್ದೆ

ಏಳುನೂರು ಪೆಟ್ಟಿಗೆ ಹೊರುವ ಆಳುಗಳಿಲ್ಲದ ರೈತ ಏನು ಮಾಡಬೇಕು? ಪ್ಯಾರಿಸ್ಸಿನ ವಾಯವ್ಯಕ್ಕೆ, ಸೇನ್ ನದಿಯ ದಂಡೆಯ ಅರ್ಜಾಂತೈ ಊರಿನವರು ಇದಕ್ಕೆ ತಮ್ಮದೇ ಉತ್ತರ ಕಂಡುಕೊಂಡರು. ಗಿಡವನ್ನು ಮನೆಯೊಳಗೆ ಒಯ್ಯುವ ಬದಲು ಮಣ್ಣೊಳಗೆ ಮಲಗಿಸಿದರು. ಬುಡದಿಂದಲೇ ಹಲವು ಕೊಂಬೆ ಬರುವಂತೆ ತಗ್ಗಾಗಿ ಬೆಳೆಸಿ, ಚಳಿಗಾಲಕ್ಕೆ ಮುಂಚೆ ಕೊಂಬೆಗಳನ್ನು ಕಟ್ಟುಕಟ್ಟಾಗಿ ಬಾಗಿಸಿ, ತೋಡಿದ ಕಾಲುವೆಯಲ್ಲಿ ಮಲಗಿಸಿ ಮಣ್ಣು ಮುಚ್ಚುತ್ತಿದ್ದರು. ಚಳಿ ಕಳೆದ ಮೇಲೆ ಬಿಡಿಸಿ ಎಬ್ಬಿಸುತ್ತಿದ್ದರು. ಬಿಳಿ ಅಂಜೂರದ ಒಂದು ತಳಿ ಈಗಲೂ ಆ ಊರಿನ ಹೆಸರನ್ನೇ ಹೊತ್ತಿದೆ.

ಕಾಯಿ ಬೇಗ ಹಣ್ಣಾಗಿಸಲು ಅವರ ಬಳಿ ಒಂದು ಮಾಟವಿತ್ತು. ಬಲಿತ ಕಾಯಿಯ ತುದಿಯ ಕಂಡಿಗೆ ಹುಲ್ಲುಕಡ್ಡಿಯಿಂದ ಒಂದು ಹನಿ ಆಲಿವ್ ಎಣ್ಣೆ ಮುಟ್ಟಿಸುವುದು. ಮುಟ್ಟಿಸಿದ ಕಾಯಿ ಮುಟ್ಟಿಸದ ಕಾಯಿಗಿಂತ ಎಷ್ಟೋ ದಿನ ಮೊದಲು ಹಣ್ಣಾಗುತ್ತಿತ್ತು. ಎಣ್ಣೆಯ ಪ್ರಚೋದನೆಯಿಂದ ಕಾಯಿಯೊಳಗೆ ಎಥಿಲೀನ್ ಅನಿಲ ಹುಟ್ಟಿ ಮಾಗುವಿಕೆಯನ್ನು ಚುರುಕುಗೊಳಿಸುತ್ತದೆಂದು ವಿಜ್ಞಾನ ಹೇಳಿದ್ದು ಇಪ್ಪತ್ತನೇ ಶತಮಾನದಲ್ಲಿ. ಬಾಳೆಗೊನೆಗೆ ಹೊಗೆ ಹಾಕುವ ನಮ್ಮವರ ಉಪಾಯದ ಹಿಂದಿರುವುದೂ ಇದೇ ಅನಿಲ. ಅರ್ಜಾಂತೈಯ ಅಂಜೂರದ ಹೊಲಗಳನ್ನು ಮುಂದೆ ಪ್ಯಾರಿಸ್ ನಗರವೇ ನುಂಗಿತು.

ಇಂಗ್ಲೆಂಡಿನಲ್ಲಿ ಅಂಜೂರ ಪಾದ್ರಿಗಳ, ಪಂಡಿತರ ಅಂಗಳದ ಗಿಡವಾಗಿತ್ತು. ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿರುವ ಒಂದು ಅಂಜೂರವನ್ನು ಅರಬ್ಬಿ ಭಾಷೆಯ ಪ್ರಾಧ್ಯಾಪಕ ಎಡ್ವರ್ಡ್ ಪೊಕಾಕ್ 1648ರಲ್ಲಿ ನೆಟ್ಟದ್ದು ಎಂಬ ಪ್ರತೀತಿಯಿದೆ. ಸಿರಿಯಾದ ಅಲೆಪ್ಪೊದಲ್ಲಿ ಕೆಲವು ವರ್ಷ ಪಾದ್ರಿಯಾಗಿದ್ದ ಆತ ಹಸ್ತಪ್ರತಿಗಳ ಜೊತೆ ಅಂಜೂರವನ್ನೂ ತಂದನಂತೆ. ಗೋಡೆಯ ಬುಡದಲ್ಲಿ ನೆಡುವಾಗ ಇಂಗ್ಲಿಷರು ಒಂದು ಕ್ರಮ ರೂಢಿಸಿಕೊಂಡರು: ಸುಮಾರು ಎರಡಡಿ ಉದ್ದಗಲದ ಗುಂಡಿ ತೋಡಿ, ನಾಲ್ಕು ಬದಿಗೆ ಕಲ್ಲುಚಪ್ಪಡಿ ನಿಲ್ಲಿಸಿ, ತಳಕ್ಕೆ ಇಟ್ಟಿಗೆ ಚೂರು ತುಂಬುವುದು. ನೆಲದಲ್ಲೇ ಕಟ್ಟಿದ ಕುಂಡವಿದು.

ಗಾಜಿನ ಮೇಲಿನ ತೆರಿಗೆ 1845ರಲ್ಲಿ ರದ್ದಾದ ಮೇಲೆ ಇಂಗ್ಲೆಂಡಿನಲ್ಲಿ ಗಾಜಿನ ಮನೆಗಳು ಅಗ್ಗವಾದವು. ಸಾಬ್ರಿಜ್‌ವರ್ತ್ ಊರಿನ ನರ್ಸರಿಗಾರ ಥಾಮಸ್ ರಿವರ್ಸ್ ಇದನ್ನು ಚೆನ್ನಾಗಿ ಬಳಸಿಕೊಂಡ. ಕಾಯಿಸುವ ಒಲೆಯಿಲ್ಲದ ಸಾಧಾರಣ ಗಾಜಿನ ಚಪ್ಪರದಡಿ ಹಣ್ಣಿನ ಗಿಡಗಳನ್ನು ಕುಂಡಗಳಲ್ಲಿ ಬೆಳೆಸುವ ವಿಧಾನ ಕುರಿತ ಅವನ ಪುಸ್ತಕ 1851ರಲ್ಲಿ ಬಂದು ಹಲವು ಮುದ್ರಣ ಕಂಡಿತು. ಅರಮನೆ, ಮಠಗಳ ಗೋಡೆ ದಾಟಿ ಕುಂಡದ ಹಣ್ಣಿನ ಗಿಡ ಮಧ್ಯಮ ವರ್ಗದ ಮನೆಗೆ ಬಂದದ್ದು ಹೀಗೆ.

ಒಂದು ಕಣಜದ ಗೈರುಹಾಜರಿ

ಕಡ್ಡಿ ನೆಟ್ಟರೆ ಸಾಕು, ಹಣ್ಣು ಬಂದೀತು ಎಂದು ನಂಬಿ ಕೈಸುಟ್ಟುಕೊಂಡವರೂ ಇದ್ದಾರೆ. 1880ರ ದಶಕದ ಮೊದಲಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ‘ಬುಲೆಟಿನ್’ ಪತ್ರಿಕೆಯವರು ತುರ್ಕಿಯ ಸ್ಮಿರ್ನಾದಿಂದ ಜಗತ್ಪ್ರಸಿದ್ಧ ಅಂಜೂರದ ಸಾವಿರಾರು ಕಡ್ಡಿಗಳನ್ನು ತರಿಸಿ ಕ್ಯಾಲಿಫೋರ್ನಿಯಾದ ಬೆಳೆಗಾರರಿಗೆ ಹಂಚಿದರು. ಗಿಡಗಳು ಹುಲುಸಾಗಿ ಬಂದವು. ಕಾಯಿ ಕಚ್ಚಿದವು. ಗೋಲಿಯಷ್ಟಾಗುವಷ್ಟರಲ್ಲಿ ಎಲ್ಲವೂ ಉದುರಿಹೋದವು. ವರ್ಷ ವರ್ಷವೂ ಇದೇ ಹಾಡು. ತುರ್ಕಿಯವರು ಬೇಕೆಂದೇ ಕೆಟ್ಟ ಕಡ್ಡಿ ಕೊಟ್ಟು ಮೋಸ ಮಾಡಿದರೆಂಬ ಗುಮಾನಿ ಹುಟ್ಟಿತು.

ಮೋಸವೇನೂ ಇರಲಿಲ್ಲ. ಸ್ಮಿರ್ನಾ ಅಂಜೂರ ಕಣಜ ಬಂದರಷ್ಟೇ ಹಣ್ಣಾಗುವ ಪಂಗಡದ್ದು. ಸ್ಮಿರ್ನಾದ ರೈತರು ಕಾಡು ಅಂಜೂರದ ಕಾಯಿಗಳನ್ನು ತಂದು ತಮ್ಮ ಮರಗಳಿಗೆ ತೂಗುಹಾಕುತ್ತಿದ್ದುದು ಮೂಢನಂಬಿಕೆಯಿಂದಲ್ಲ, ಅವುಗಳೊಳಗಿನ ಕಣಜಕ್ಕಾಗಿ. ಈ ಪದ್ಧತಿಯನ್ನು ಗ್ರೀಸಿನ ಥಿಯೊಫ್ರಾಸ್ಟಸ್ ಕ್ರಿಸ್ತಪೂರ್ವದಲ್ಲೇ ಬರೆದಿಟ್ಟಿದ್ದ. ಕೊನೆಗೆ ಫ್ರೆಸ್ನೊದ ಬೆಳೆಗಾರ ಜಾರ್ಜ್ ರೋಡಿಂಗ್ ಮತ್ತು ಸರ್ಕಾರಿ ಸಸ್ಯಶಾಸ್ತ್ರಜ್ಞ ವಾಲ್ಟರ್ ಸ್ವಿಂಗಲ್ ಅವರ ಪ್ರಯತ್ನದಿಂದ, ಅಲ್ಜೀರಿಯಾದಿಂದ ತರಿಸಿದ ಕಾಡು ಅಂಜೂರಗಳ ಕಣಜ 1899ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಯೂರಿತು. ಕ್ಯಾಲಿಫೋರ್ನಿಯಾ, ಸ್ಮಿರ್ನಾ ಎರಡೂ ಹೆಸರು ಕೂಡಿಸಿ ಆ ಹಣ್ಣಿಗೆ ‘ಕ್ಯಾಲಿಮಿರ್ನಾ’ ಎಂದು ನಾಮಕರಣವಾಯಿತು. ಮನೆಯ ಕುಂಡಕ್ಕೆ ಗಿಡ ಆರಿಸುವಾಗ ಈ ಕಥೆ ನೆನಪಿರಬೇಕು. ಕಣಜವಿಲ್ಲದ ಊರಿನಲ್ಲಿ ಸ್ಮಿರ್ನಾ ಪಂಗಡದ ಗಿಡ ಎಷ್ಟು ಆರೈಕೆ ಮಾಡಿದರೂ ಎಲೆ ತೋರಿಸುವುದಷ್ಟೇ.

ಸೂಟ್‌ಕೇಸಿನ ಕಡ್ಡಿ

1880ರಿಂದ 1924ರವರೆಗೆ ಸುಮಾರು 40 ಲಕ್ಷ ಇಟಾಲಿಯನ್ನರು ಅಮೆರಿಕಕ್ಕೆ ಹೋದರು. ಬಹುಪಾಲು ಜನ ದಕ್ಷಿಣದ ಸಿಸಿಲಿ, ಕಲಾಬ್ರಿಯಾ, ನೇಪಲ್ಸ್ ಕಡೆಯ ಬಡ ರೈತರು, ಕೂಲಿಗಳು. ಊರಿನಲ್ಲಿ ಅಂಜೂರ ಬೇಲಿಯ ಬದಿಯ ಮರ. ಕಾಸು ಕೊಟ್ಟು ಕೊಂಡು ತಿಂದವರಲ್ಲ. ನ್ಯೂಯಾರ್ಕಿನಲ್ಲಿ ಅವರು ಸುರಂಗ ತೋಡಿದರು, ಕಲ್ಲು ಹೊತ್ತರು, ಇಟ್ಟಿಗೆ ಕಟ್ಟಿದರು. ಕೈಯಲ್ಲಿ ನಾಲ್ಕು ಕಾಸು ಕೂಡಿ, ಹಿತ್ತಲೆಂದು ಕರೆಯಬಹುದಾದ ಹತ್ತಡಿ ಜಾಗ ಸಿಕ್ಕೊಡನೆ ನೆಟ್ಟದ್ದು ಅಂಜೂರ.

ಅದು ಸಾಧ್ಯವಾದದ್ದು ಕಡ್ಡಿಯಿಂದ. ಎಲೆ ಉದುರಿದ ಅಂಜೂರದ ಕಡ್ಡಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ವಾರಗಟ್ಟಲೆ ಸಾಯುವುದಿಲ್ಲ. ಹಡಗಿನ ಪ್ರಯಾಣಕ್ಕೆ ಅಷ್ಟು ಸಾಕು. ಮಾವಿನ ಮರವನ್ನೋ ಆಲಿವ್ ಮರವನ್ನೋ ಗಂಟಿನಲ್ಲಿ ಕಟ್ಟಿಕೊಂಡು ಹೋಗಲು ಹೀಗೆ ಸುಲಭವಾಗದು. 1912ರಲ್ಲಿ ಅಮೆರಿಕ ಹೊರನಾಡಿನ ಸಸ್ಯಗಳ ಆಮದಿಗೆ ಕಾನೂನಿನ ಕಡಿವಾಣ ಹಾಕಿತು. ಅಷ್ಟರಲ್ಲಿ ಬಂದಿದ್ದ ಗಿಡಗಳೇ ನೆಂಟರಿಗೆ, ನೆರೆಯವರಿಗೆ ಕಡ್ಡಿ ಕೊಡುವಷ್ಟಾಗಿದ್ದವು. ಎರಡನೇ ಮಹಾಯುದ್ಧದ ನಂತರ ಟೊರಾಂಟೊ, ಮಾಂಟ್ರಿಯಲ್‌ಗಳಿಗೆ ಹೋದ ಇಟಾಲಿಯನ್ನರ ಜೊತೆ ಅಂಜೂರ ಇನ್ನೂ ಕಡು ಚಳಿಯ ಕೆನಡಾಕ್ಕೂ ಹೋಯಿತು.

ಚಳಿಯ ಮಟ್ಟ ಶೂನ್ಯಕ್ಕಿಂತ ಹತ್ತು ಡಿಗ್ರಿ ಕೆಳಗಿಳಿದರೆ ಅಂಜೂರದ ಕೊಂಬೆಗಳಿಗೆ ಅಪಾಯ. ಅದಕ್ಕೆ ಮೂರು ದಾರಿ. ಬ್ರೂಕ್ಲಿನ್ನಿನ ಹಿತ್ತಲಿನಂತೆ ಹೊದಿಸಿ ನಿಲ್ಲಿಸುವುದು ಒಂದು. ಎರಡನೆಯದು ಹೂಳುವುದು: ಗಿಡದ ಒಂದು ಬದಿಯ ಬೇರುಗಳನ್ನು ಸಲಿಕೆಯಿಂದ ಕತ್ತರಿಸಿ, ಇನ್ನೊಂದು ಬದಿಯ ಕಾಲುವೆಗೆ ನಿಧಾನವಾಗಿ ಬಗ್ಗಿಸಿ, ಹಲಗೆ, ತಗಡು ಮುಚ್ಚಿ ಮೇಲೆ ಮಣ್ಣೆಳೆಯುವುದು. ಅರ್ಜಾಂತೈಯ ರೈತರನ್ನು ಕಂಡು ಕೇಳಿರದ ಕಲಾಬ್ರಿಯಾದವರು ಸಾಗರದಾಚೆ ಅದೇ ಉಪಾಯಕ್ಕೆ ಬಂದು ಮುಟ್ಟಿದ್ದು ಸ್ವಾರಸ್ಯಕರ. ಪ್ರತಿ ಸಲ ಬೇರು ಕಡಿಯುತ್ತಿದ್ದುದರಿಂದ ಗಿಡ ಕುಳ್ಳಾಗಿಯೇ ಉಳಿಯುತ್ತಿತ್ತು, ಕಾಯಿಯೂ ಕಡಿಮೆಯಾಗುತ್ತಿರಲಿಲ್ಲ. ಮೂರನೆಯದು, ಹಿತ್ತಲೇ ಇಲ್ಲದವರ ದಾರಿ. ಹಳೆಯ ಪೀಪಾಯಿಯಲ್ಲೋ ಸಿಮೆಂಟಿನ ಬಕೆಟ್ಟಿನಲ್ಲೋ ಗಿಡ ಬೆಳೆಸಿ, ಚಳಿಗಾಲದಲ್ಲಿ ನೆಲಮಾಳಿಗೆಗೆ ಇಳಿಸುವುದು. ಎಲೆಯಿಲ್ಲದ ಗಿಡಕ್ಕೆ ಬೆಳಕು ಬೇಡ. ತಂಪಾದ ಕತ್ತಲೆ, ತಿಂಗಳಿಗೊಮ್ಮೆ ಒಂದು ಚೊಂಬು ನೀರು ಸಾಕು. ಹದಿನಾಲ್ಕನೇ ಲೂಯಿಯ ಅಂಜೂರದ ಮನೆಯಲ್ಲಿ ನಡೆಯುತ್ತಿದ್ದುದೂ ಇದಕ್ಕಿಂತ ಬೇರೆಯಲ್ಲ. ವ್ಯತ್ಯಾಸವೆಂದರೆ, ಇಲ್ಲಿ ಪೀಪಾಯಿ ಇಳಿಸುವವನೂ ಹಣ್ಣು ತಿನ್ನುವವನೂ ಒಬ್ಬನೇ.

ಹಿಡಿಯಷ್ಟು ಹಣ್ಣಿಗಾಗಿ ಇಷ್ಟೆಲ್ಲ ಮಾಡಿದ್ದು ಲೆಕ್ಕಾಚಾರದಲ್ಲಿ ಹುಚ್ಚುತನ. ಆದರೆ ತಾಜಾ ಅಂಜೂರ ಅಂಗಡಿಯ ಹಣ್ಣಲ್ಲ ಎಂಬುದನ್ನೂ ಮರೆಯುವಂತಿಲ್ಲ. ಪೂರ್ತಿ ಮಾಗಿದ ಅಂಜೂರ ಕತ್ತು ಬಗ್ಗಿಸಿ ಜೋತು ಬೀಳುತ್ತದೆ, ಸಿಪ್ಪೆ ಬಿರಿಯುತ್ತದೆ, ತುದಿಯಲ್ಲಿ ಜೇನಿನಂಥ ಹನಿ ಕಾಣುತ್ತದೆ. ಆ ಸ್ಥಿತಿಯಲ್ಲಿ ಕಿತ್ತರೆ ಒಂದೆರಡು ದಿನ ತಡೆದರೆ ಹೆಚ್ಚು. ದೂರದೂರಿಗೆ ಕಳಿಸಲು ಗಟ್ಟಿಯಿದ್ದಾಗಲೇ ಕೀಳಬೇಕು. ಕಿತ್ತ ಮೇಲೆ ಅದು ಹೆಚ್ಚು ಸಿಹಿಯಾಗದು. ಅಂಜೂರದ ನಿಜವಾದ ರುಚಿ ಬೇಕಿದ್ದವರು ಗಿಡದ ಪಕ್ಕದಲ್ಲೇ ಇರಬೇಕು.

ಕುಳ್ಳ ತಳಿಗಳೂ ದಖ್ಖನ್ನಿನ ಬಿಸಿಲೂ

ಈಚಿನ ವರ್ಷಗಳಲ್ಲಿ ಹುಟ್ಟಿನಿಂದಲೇ ಕುಳ್ಳಾದ ಅಂಜೂರಗಳು ನರ್ಸರಿಗಳಿಗೆ ಬಂದಿವೆ. ‘ವಯೊಲೆಟ್ ದ ಬೋರ್ದೋ’ ಎಂಬ ಫ್ರೆಂಚ್ ತಳಿ ಮೊದಲಿನಿಂದಲೂ ಗಿಡ್ಡ ಜಾತಿಯದು. ‘ಪೆಟೀಟ್ ನೆಗ್ರಾ’, ‘ಲಿಟಲ್ ಮಿಸ್ ಫಿಗ್ಗಿ’ ಮುಂತಾದ ಹೆಸರುಗಳಲ್ಲಿ ಮಾರಾಟವಾಗುವ ಗಿಡಗಳು ಬಾಲ್ಕನಿಗೆಂದೇ ಆರಿಸಿದವು. ಆದರೆ ‘ಕುಳ್ಳ’ ಎಂಬ ಚೀಟಿ ಕಟ್ಟಿಕೊಂಡ ಗಿಡವನ್ನೂ ಬೇರು ಹರಡಲು ಬಿಟ್ಟರೆ ಅಂದುಕೊಂಡದ್ದಕ್ಕಿಂತ ಎತ್ತರಕ್ಕೇರುತ್ತದೆ. ಹಾಗೆಯೇ ಕುಳ್ಳ ಜಾತಿಯಲ್ಲದ ‘ಬ್ರೌನ್ ಟರ್ಕಿ’ಯಂಥ ಸಾಧಾರಣ ತಳಿಯೂ ಒಂದೂವರೆ ಅಡಿ ಅಗಲದ ಕುಂಡದಲ್ಲಿ ಸೊಗಸಾಗಿ ಬಾಳುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಕುಂಡದಿಂದ ಕಿತ್ತು, ಸುತ್ತಿಕೊಂಡ ಬೇರುಗಳಲ್ಲಿ ಮೂರನೇ ಒಂದು ಭಾಗ ಕತ್ತರಿಸಿ, ಹೊಸ ಮಣ್ಣು ಕೊಟ್ಟು ಅದೇ ಕುಂಡಕ್ಕೆ ಮರಳಿಸಬೇಕು. ಹೊಸ ಚಿಗುರಿನಲ್ಲಿ ಐದಾರು ಎಲೆಯಾದಾಗ ಕುಡಿ ಚಿವುಟಬೇಕು. ಬೇಸಿಗೆಯಲ್ಲಿ ಕುಂಡದ ಗಿಡಕ್ಕೆ ನೀರಿನ ಹಸಿವು ವಿಪರೀತ. ಒಮ್ಮೆ ಬಾಡಿಸಿ ಒಮ್ಮೆ ಮುಳುಗಿಸಿದರೆ ಕಾಯಿ ಉದುರುತ್ತದೆ ಇಲ್ಲವೆ ಸೀಳುತ್ತದೆ. ಕತ್ತರಿಸುವಾಗ ಸುರಿಯುವ ಬಿಳಿ ಸೊನೆಯ ಬಗ್ಗೆ ಎಚ್ಚರ ಬೇಕು. ಸೊನೆ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದೆ.

ಕರ್ನಾಟಕಕ್ಕೂ ಈ ಗಿಡಕ್ಕೂ ನಂಟು ಹೊಸದಲ್ಲ. ಶ್ರೀರಂಗಪಟ್ಟಣದ ಪಕ್ಕದ ಗಂಜಾಂ ಅಂಜೂರಕ್ಕೆ ಹೆಸರಾದ ಊರು. ತೋಟಗಾರಿಕೆಯ ಪುಸ್ತಕಗಳಲ್ಲಿ ಗಂಜಾಂ ಎಂಬುದು ತಳಿಯ ಹೆಸರಾಗಿಯೂ ಬರುತ್ತದೆ. ಬಳ್ಳಾರಿಯ ಬಿಸಿಲಿನಲ್ಲೂ ಅಂಜೂರದ ತೋಟಗಳಿವೆ. ಇಲ್ಲಿ ಗಿಡಕ್ಕೆ ಕಂಬಳಿ ಹೊದಿಸುವ ಪ್ರಮೇಯವಿಲ್ಲ, ಆದರೆ ಅದಕ್ಕೆ ಬೇಕಾದ ವಿಶ್ರಾಂತಿಯನ್ನು ಬೇರೆ ರೀತಿಯಲ್ಲಿ ಕೊಡಬೇಕಾಗುತ್ತದೆ. ನೆರೆಯ ಪುಣೆಯ ಬೆಳೆಗಾರರು ಬೇಕೆಂದೇ ನೀರು ನಿಲ್ಲಿಸಿ, ಎಲೆ ಉದುರಿಸಿ, ಸವರಿ, ಮತ್ತೆ ನೀರು ಕೊಟ್ಟು ಗಿಡವನ್ನು ಎಬ್ಬಿಸುತ್ತಾರೆ. ಬೇಸಿಗೆಯ ಸಿಹಿ ಬೆಳೆಗೆ ‘ಮೀಠಾ ಬಹಾರ್’ ಎಂದೂ ಮಳೆಗಾಲದ ಸಪ್ಪೆ ಬೆಳೆಗೆ ‘ಖಟ್ಟಾ ಬಹಾರ್’ ಎಂದೂ ಅಲ್ಲಿ ಹೆಸರು. ಅಲ್ಲಿನ ಪುರಂದರ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ವರ್ಸೇಲ್ಸ್‌ನಲ್ಲಿ ಪೆಟ್ಟಿಗೆ ಮಾಡಿದ ಕೆಲಸವನ್ನು ದಖ್ಖನ್ನಿನಲ್ಲಿ ನೀರಿನ ಬಿಗಿ ಮಾಡುತ್ತದೆ. ನಮ್ಮ ತಾರಸಿ ತೋಟಗಾರರಿಗೆ ಕಾಟ ಕೊಡುವುದು ಚಳಿಯಲ್ಲ, ಮಳೆಗಾಲದಲ್ಲಿ ಎಲೆಯ ಅಡಿಗೆ ಕಂದು ಪುಡಿ ಎರಚಿದಂತೆ ಬರುವ ತುಕ್ಕುರೋಗ.

ಬ್ರೂಕ್ಲಿನ್ನಿನ ಬಕೆಟ್ಟು ಹೊತ್ತ ಅಂಜೂರಗಳು ಈಗ ಕಡಿಮೆಯಾಗುತ್ತಿವೆ. ಪ್ರತಿ ಚಳಿಗಾಲಕ್ಕೂ ಹಗ್ಗ ಬಿಗಿಯುತ್ತಿದ್ದ ಅಜ್ಜಂದಿರು ತೀರಿಕೊಂಡರು. ಮಕ್ಕಳು ಬೇರೆ ಊರು ಸೇರಿದರು. ಮನೆ ಕೊಂಡವರಿಗೆ ಮೂಲೆಯ ಗಿಡ ಯಾವುದೆಂದು ಗೊತ್ತಿರುವುದಿಲ್ಲ. ಹೊದಿಕೆಯಿಲ್ಲದೆ ಒಂದು ಕಡು ಚಳಿಗಾಲ ಕಳೆದರೆ ಕೊಂಬೆಗಳು ಒಣಗುತ್ತವೆ, ಒಣಗಿದ ಗಿಡವನ್ನು ಬುಡಸಮೇತ ಕೀಳಿಸಲಾಗುತ್ತದೆ. ಅದರೊಂದಿಗೆ ಸಿಸಿಲಿಯ ಯಾವುದೋ ಹಳ್ಳಿಯ ಬೇಲಿಯಿಂದ ಬಂದ ತಳಿಯೂ ಹೋಗುತ್ತದೆ. ಆ ತಳಿಗೆ ಪುಸ್ತಕದಲ್ಲಿ ಹೆಸರಿರುವುದಿಲ್ಲ, ಏಕೆಂದರೆ ತಂದವರಿಗೆ ಅದು ಬರೀ ‘ಫೀಕೊ’. ಇಟಾಲಿಯನ್ನಿನಲ್ಲಿ ಅಂಜೂರಕ್ಕೆ ಅಷ್ಟೇ ಹೆಸರು.

ಇದನ್ನು ಅರಿತ ಕೆಲವು ಹವ್ಯಾಸಿಗಳು ಹಳೆಯ ಇಟಾಲಿಯನ್ ಕೇರಿಗಳಲ್ಲಿ ಅಲೆದು, ಮನೆ ಮಾರಾಟವಾಗುವ ಮೊದಲೇ ಬಾಗಿಲು ತಟ್ಟಿ ಎರಡು ಕಡ್ಡಿ ಬೇಡಿ ತರುತ್ತಾರೆ. ತಂದದ್ದನ್ನು ಕುಂಡದಲ್ಲಿ ಊರಿ, ಕುಂಡಕ್ಕೊಂದು ಚೀಟಿ ಅಂಟಿಸುತ್ತಾರೆ. ತಳಿಯ ಹೆಸರು ಬರೆಯುವ ಜಾಗದಲ್ಲಿ ‘ತಿಳಿಯದು’ ಎಂದೂ ಅದರ ಪಕ್ಕದಲ್ಲಿ ಕಡ್ಡಿ ಸಿಕ್ಕ ಬೀದಿಯ ಹೆಸರೂ ಇರುತ್ತದೆ.